ಶುಕ್ರವಾರದ ಲಕೋಟೆ

ಸರ್ಕಾರದಿಂದ ಬಂದ ಕಾಗದವನ್ನು ಬಂದ ಕೂಡಲೇ ಒಡೆಯಬಾರದು, ದೇವರ ಮುಂದಿಟ್ಟು ಶುಕ್ರವಾರದ ಪೂಜೆ ಮುಗಿದ ಮೇಲೆ ಒಡೆಯಬೇಕು ಎಂಬುದು ಮೈಸೂರಿನ ಶಿವರುದ್ರಪ್ಪನವರ ಮನೆಯ ಪದ್ಧತಿ. ಪದ್ಧತಿ ಹಾಕಿದವರು ಅವರಲ್ಲ, ಅವರ ಹೆಂಡತಿ ಸರ್ವಮಂಗಳಮ್ಮ. ಗಂಡನಿಗೆ ಕೆಇಬಿಯಲ್ಲಿ ಬಡ್ತಿ ಬಂದ ಕಾಗದ, ಸೈಟಿನ ಖಾತೆಯ ಕಾಗದ, ಮಗಳ ಕಾಲೇಜು ಸೀಟಿನ ಕಾಗದ ಎಲ್ಲವೂ ಕುಂಕುಮ ಹಚ್ಚಿಸಿಕೊಂಡ ಮೇಲೇ ಬಾಯಿ ಬಿಟ್ಟಿದ್ದವು. ಒಳ್ಳೆಯದಾದರೆ ಪದ್ಧತಿಯಿಂದ ಆಯಿತು, ಕೆಟ್ಟದ್ದಾದರೆ ಪದ್ಧತಿಯಿಂದಾಗಿ ಅಷ್ಟಕ್ಕೇ ನಿಂತಿತು. ಇಂಥ ಪದ್ಧತಿಯನ್ನು ಯಾರೂ ಸೋಲಿಸಲಾರರು.

ಮೂರು ತಿಂಗಳ ಮಟ್ಟಿಗೆ ಐರ್ಲೆಂಡಿನಲ್ಲಿದ್ದ ಮಗನ ಮನೆಗೆ ಬಂದ ಸರ್ವಮಂಗಳಮ್ಮ ಸಾರಿನ ಪುಡಿಯ ಜೊತೆಗೆ ಆ ಪದ್ಧತಿಯನ್ನೂ ತಂದಿದ್ದರು. ಚಳಿ ಆಗದೆಂದು ಗಂಡ ಮೈಸೂರಲ್ಲೇ ಮಗಳ ಮನೆಯಲ್ಲಿ ಉಳಿದಿದ್ದರು. ಬ್ಲಾಂಚರ್ಡ್ಸ್‌ಟೌನ್‌ನ ಆ ಬಾಡಿಗೆ ಮನೆಯಲ್ಲಿ ದೇವರಿಗೆ ಸಿಕ್ಕಿದ್ದ ಜಾಗವೆಂದರೆ ಮಹಡಿಯ ಮೇಲಿನ ಹಾಟ್ ಪ್ರೆಸ್, ಬಿಸಿನೀರಿನ ಸಿಲಿಂಡರ್ ಇರುವ, ಟವೆಲ್ಲು ಒಣಗಿಸುವ ಕಪಾಟು. ಅದರ ಮೇಲಿನ ಹಲಗೆಯಲ್ಲಿ ಗಣಪತಿ, ಚಾಮುಂಡಿ, ಒಂದು ಬ್ಯಾಟರಿ ದೀಪ. “ಈ ಊರಲ್ಲಿ ಬೆಚ್ಚಗಿರೋದು ದೇವರೊಬ್ಬನೇ” ಎಂದು ಸರ್ವಮಂಗಳಮ್ಮ ಮೊದಲ ದಿನವೇ ಹೇಳಿದ್ದರು.

ಅವರು ಬಂದ ಹನ್ನೊಂದನೇ ದಿನ ಮಗ ಶ್ರೀಹರ್ಷನ ಕೆಲಸ ಹೋಯಿತು. ಏಳು ವರ್ಷ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡಿದವನನ್ನು ಒಂದು ಮಂಗಳವಾರ ಕರೆದು, ಲ್ಯಾಪ್‌ಟಾಪನ್ನೂ ಫೋನನ್ನೂ ಇಸಿದುಕೊಂಡು, ಕೈಗೊಂದು ಪತ್ರ ಕೊಟ್ಟು ಕಳಿಸಿದರು. ಪರಿಹಾರವೆಂದು ಬಂದದ್ದು ಕಾರಿನ ಸಾಲಕ್ಕೆ ಸರಿಹೋಯಿತು.

“ಇನ್ನೇನೋ ಮಾಡ್ತೀಯ?” ಎಂದರು ತಾಯಿ.

“ಇಲ್ಲಿ ಸರ್ಕಾರ ಕೊಡುತ್ತಮ್ಮ. ಇಷ್ಟು ವರ್ಷ ಸಂಬಳದಲ್ಲಿ ಹಿಡ್ಕೊಂಡಿದ್ದಾರಲ್ಲ, ಅದಕ್ಕೆ. ಕೆಲಸ ಸಿಗೋವರೆಗೂ ವಾರ ವಾರ ಹಾಕ್ತಾರೆ.”

“ಕೆಲಸ ಮಾಡ್ದಿದ್ರೂ?”

“ಹುಡುಕ್ತಾ ಇರ್ಬೇಕು.”

“ಹುಡುಕೋದಕ್ಕೇ ಸಂಬಳ” ಎಂದು ಸರ್ವಮಂಗಳಮ್ಮ ಸೊಸೆಯ ಕಡೆ ತಿರುಗಿದರು. “ಒಳ್ಳೆ ಸರ್ಕಾರ ಕಣೇ.”

ಸೊಸೆ ಜ್ಯೋತ್ಸ್ನಾ ಆಗ ನಕ್ಕಿದ್ದಳು. ಅದು ಮೊದಲ ವಾರ.

ಆ ಮನೆಯಲ್ಲಿ ಫಾರ್ಮು ತುಂಬುವುದು ಯಾವಾಗಲೂ ಜ್ಯೋತ್ಸ್ನಾಳ ಕೆಲಸ. ಅವಳು ಕ್ಲಾಂಡಾಲ್ಕಿನ್‌ನ ಒಂದು ಗೋದಾಮಿನ ಆಫೀಸಿನಲ್ಲಿ ಸರಕಿನ ಕಾಗದಪತ್ರ ನೋಡುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಎರಡು ಬಸ್ಸು ಹತ್ತಬೇಕು. ಕಾರು ಗಂಡನದು ಎಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಅದು ಗಂಡನದೇ ಆಗಿತ್ತು. ಆ ಸಂಜೆ ಅವಳು ಊಟದ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟು ಅರ್ಜಿ ತೆರೆದಳು. ಕಂಪನಿಯ ಪತ್ರ, ಸಂಬಳದ ಚೀಟಿ, ಸರ್ಕಾರದ ಕಾರ್ಡು ಎಲ್ಲ ಫೋಟೋ ತೆಗೆದು ಏರಿಸಿದಳು.

“ಫುಲ್ ಟೈಮ್ ಕೆಲಸಕ್ಕೆ ಸಿದ್ಧ ಇದ್ದೀಯಾ ಅಂತ ಕೇಳ್ತಿದ್ದಾರೆ.”

“ಹೌದು ಅಂತ ಹಾಕು.”

“ಮೊಬೈಲ್ ನಂಬರ್?”

“ನಂದು ಆಫೀಸಿಗೆ ವಾಪಸ್ ಹೋಯ್ತಲ್ಲ. ಸದ್ಯಕ್ಕೆ ನಿಂದೇ ಹಾಕು, ಆಮೇಲೆ ಬದಲಾಯ್ಸೋಣ.”

ಹೊಸ ಸಿಮ್ ಮರುವಾರವೇ ಬಂತು. ಅರ್ಜಿಯಲ್ಲಿ ನಂಬರ್ ಬದಲಿಸುವುದು ಇಬ್ಬರಿಗೂ ಮರೆಯಿತು.

ಮೂರನೇ ವಾರ ಬುಧವಾರ ಅಲ್ಲಿನ ಸರ್ಕಾರದ ಮುದ್ರೆಯಾದ ಹಾರ್ಪ್ ವಾದ್ಯದ ಗುರುತಿದ್ದ ಲಕೋಟೆ ಬಂತು. ಸರ್ವಮಂಗಳಮ್ಮ ಅದನ್ನು ಎತ್ತಿಕೊಂಡು ಹಾಟ್ ಪ್ರೆಸ್‌ಗೆ ಹೋದರು. ಶುಕ್ರವಾರ ಒಡೆದರೆ ಅರ್ಜಿ ಒಪ್ಪಿಗೆಯಾಗಿತ್ತು, ಮೊದಲ ಮೂರು ತಿಂಗಳು ವಾರಕ್ಕೆ ನಾನೂರೈವತ್ತು ಯೂರೋ. ಪದ್ಧತಿ ಗೆದ್ದಿತು. ಸರ್ವಮಂಗಳಮ್ಮ ಸಜ್ಜಿಗೆ ಮಾಡಿದರು.

ಜ್ಯೋತ್ಸ್ನಾಗೆ ಹೊಟ್ಟೆಕಿಚ್ಚು ಶುರುವಾದದ್ದು ಆ ಹಣದಿಂದಲ್ಲ, ಊಟದ ಡಬ್ಬಿಯಿಂದ. ಮನೆಯಲ್ಲಿದ್ದ ಶ್ರೀಹರ್ಷ ಅಡಿಗೆಗೆ ಇಳಿದಿದ್ದ, ಹೆಂಡತಿಯ ಡಬ್ಬಿಯನ್ನೂ ಕಟ್ಟುತ್ತಿದ್ದ. ಆಫೀಸಿನಲ್ಲಿ ಪಕ್ಕದ ಮೇಜಿನ ಸೆಲಿನ್ ಮುಚ್ಚಳ ತೆರೆದು ನೋಡಿದಳು. ಅವಳು ಉಡುಪಿ ಕಡೆಯವಳು.

“ಗಂಡ ಕಟ್ಟಿ ಕೊಟ್ಟದ್ದಾ? ನೀನು ಪುಣ್ಯ ಮಾಡಿದ್ದೀ ಮಾರಾಯ್ತಿ.”

ಹತ್ತು ವರ್ಷ ಜ್ಯೋತ್ಸ್ನಾ ಗಂಡನ ಡಬ್ಬಿ ಕಟ್ಟಿದ್ದಳು. ಅವನು ಪುಣ್ಯ ಮಾಡಿದ್ದಾನೆ ಎಂದು ಯಾವ ಆಫೀಸಿನಲ್ಲೂ ಯಾರೂ ಹೇಳಿರಲಿಲ್ಲ. ಚಿತ್ರಾನ್ನ ಚೆನ್ನಾಗಿಯೇ ಇತ್ತು, ಅದು ಇನ್ನೂ ಹೊಟ್ಟೆ ಉರಿಸಿತು.

ಆಮೇಲೆ ಒಂದೊಂದಾಗಿ ಸೇರಿತು. ಶಾಲೆಯ ಗೇಟಿನಲ್ಲಿ ಐರಿಶ್ ತಾಯಂದಿರು ಅವನನ್ನು “ಹಾರ್ಶ್” ಎಂದು ಕರೆದು ಮಕ್ಕಳ ಹುಟ್ಟುಹಬ್ಬಕ್ಕೆ ಮನೆಮಂದಿಯನ್ನೆಲ್ಲ ಕರೆದರು. ನಾಲ್ಕು ವರ್ಷದಿಂದ ಶಾಲೆಯ ಫೀಸಿನ ಈಮೇಲ್ ಮಾತ್ರ ಜ್ಯೋತ್ಸ್ನಾಳ ಹೆಸರಿಗೆ ಬರುತ್ತಿತ್ತು. ಸರ್ವಮಂಗಳಮ್ಮ ಮೈಸೂರಿಗೆ ಫೋನು ಮಾಡಿದಾಗೆಲ್ಲ ಮಗನ ಒಗ್ಗರಣೆಯನ್ನೇ ಹೊಗಳಿದರು. ಎಂಟು ವರ್ಷದ ಮಗಳು ಇಂಚರ ಒಂದು ಶನಿವಾರ ಕಾಲಲ್ಲಿ ತಳ್ಳುವ ಆಟದ ಸ್ಕೂಟರಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಒಳಗೆ ಓಡಿ ಬಂದಳು. ಎದುರಿಗೇ ನಿಂತಿದ್ದ ತಾಯಿಯನ್ನು ದಾಟಿ ಅಡಿಗೆಮನೆಗೆ ಹೋಗಿ ಅಪ್ಪನ ಸೊಂಟ ಹಿಡಿದುಕೊಂಡು ಅತ್ತಳು.

“ಇಲ್ಲಿ ಬಾ ಪುಟ್ಟ, ನಾನು ತೊಳೀತೀನಿ” ಎಂದಳು ಜ್ಯೋತ್ಸ್ನಾ.

“ನೋ, ಯೂ ಡೂ ಇಟ್ ಟೂ ಹಾರ್ಡ್. ಅಪ್ಪ ಡಸ್ ಇಟ್ ಗ್ರ್ಯಾಂಡ್.”

ಸರ್ವಮಂಗಳಮ್ಮ ನಕ್ಕು, “ಏನಂತೆ?” ಎಂದರು.

“ಅಪ್ಪನ ಕೈ ಮೆತ್ತಗಂತೆ” ಎಂದು ಜ್ಯೋತ್ಸ್ನಾ ಮಹಡಿಗೆ ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದಳು. ಮಡಿಸುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಅದನ್ನೂ ಅವನೇ ಮಾಡಿ ಮುಗಿಸಿದ್ದ.

ಕೆಲಸ ಕಳೆದುಕೊಂಡವನು ಸ್ವಲ್ಪವಾದರೂ ಬಾಡಬೇಕಲ್ಲ ಎಂಬುದು ಅವಳ ಲೆಕ್ಕ. ಇವನು ದಿನದಿನಕ್ಕೆ ಚಿಗುರುತ್ತಿದ್ದ. ನಿಜ ಹೇಳಬೇಕೆಂದರೆ ಅವನು ಬೆಳಗಿನ ಹೊತ್ತು ಹದಿನೈದು ಕಡೆ ಅರ್ಜಿ ಹಾಕಿ, ಹದಿನೈದೂ ಕಡೆಯಿಂದ ಸೊಲ್ಲಿಲ್ಲದೆ, ಒಬ್ಬನೇ ಕಾರಿನಲ್ಲಿ ಕೂತು ಬರುತ್ತಿದ್ದ. ಅದು ಅವಳು ಮನೆಯಲ್ಲಿಲ್ಲದ ಹೊತ್ತು. ಅವಳ ಕಣ್ಣಿಗೆ ಬೀಳುತ್ತಿದ್ದುದು ಸಂಜೆ ಆರರ ಶ್ರೀಹರ್ಷ, ಹೆಗಲ ಮೇಲೆ ಒರೆಸುವ ಬಟ್ಟೆ, ಕೈಯಲ್ಲಿ ಸೌಟು.

ಜಗಳ ಬಂದದ್ದು ಕೋರ್ಸಿನ ವಿಷಯಕ್ಕೆ. ವಾರದ ಹಣ ಕೊಡುವ ವೆಲ್ಫೇರ್ ಆಫೀಸಿನವರು ಕೆಲಸವಿಲ್ಲದವರಿಗೆಂದು ಪುಕ್ಕಟೆ ಕೋರ್ಸುಗಳ ಪಟ್ಟಿ ಕಳಿಸಿದ್ದರು. ಊಟ ಮಾಡುತ್ತ ಅವನು ಅದನ್ನು ಗಟ್ಟಿಯಾಗಿ ಓದಿದ.

“ಕ್ಲೌಡ್, ಅಕೌಂಟ್ಸ್, ಬೇಕರಿ ಕೂಡ ಇದೆ. ಹೋಗ್ಬಿಡ್ಲಾ ಬೇಕರಿಗೆ? ಶಾಲೇಲಿ ಸ್ಪೆಷಲ್ ಮಕ್ಕಳನ್ನ ನೋಡ್ಕೊಳ್ಳೋ ಅಸಿಸ್ಟೆಂಟ್ ಕೋರ್ಸೂ ಇದೆ ನೋಡು.”

ಜ್ಯೋತ್ಸ್ನಾ ಕೈ ನಿಲ್ಲಿಸಿದಳು. “ಅದು ನಾನು ಕೇಳಿದ್ದ ಕೋರ್ಸು.”

“ಯಾವಾಗ?”

“ಎರಡು ವರ್ಷದ ಹಿಂದೆ. ಗೋದಾಮು ಬಿಟ್ಟು ಅದನ್ನ ಓದ್ತೀನಿ ಅಂದಿದ್ದೆ. ಈ ವರ್ಷ ಬೇಡ, ಒಂದು ಸಂಬಳದಲ್ಲಿ ಆಗಲ್ಲ ಅಂದ್ರಿ.” ಅತ್ತೆಯ ಎದುರಿಗೆ ಅವಳು ಗಂಡನಿಗೆ ನೀವು ಎನ್ನುತ್ತಿದ್ದಳು.

“ಆಗ ಆಗ್ತಿರ್ಲಿಲ್ಲ.”

“ಈಗ ಒಂದೇ ಸಂಬಳ ಅಲ್ವಾ ನಡೀತಿರೋದು? ನಿಮಗೆ ಆದ್ರೆ ಆಗುತ್ತೆ.”

“ನಾನೇನು ಬೇಕು ಅಂತ ಕೆಲಸ ಬಿಟ್ನಾ?”

“ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲದು ಅಂತಾರೆ. ಇಲ್ಲಿ ಕೂತವರಿಗೇ ಕುಡಿಕೆ ತುಂಬಿಸಿ ಕೊಡ್ತಾರೆ. ಎರಡು ಬಸ್ ಹತ್ತೋರಿಗೆ ಏನೂ ಇಲ್ಲ.”

“ಸಾಕು ಬಿಡ್ರೇ” ಎಂದರು ಸರ್ವಮಂಗಳಮ್ಮ. “ಅನ್ನದ ಮುಂದೆ ಬೇಡ.”

ಮರುದಿನ ಶ್ರೀಹರ್ಷ, “ನಾಳೆಯಿಂದ ಕಾರು ನೀನು ತಗೊಂಡು ಹೋಗು” ಎಂದ. “ನನಗೆ ಬಸ್ಸೇ ಅಭ್ಯಾಸ” ಎಂದಳು. ಬೇಕಾಗಿದ್ದನ್ನು ತಳ್ಳಿ, ತಳ್ಳಿದ್ದಕ್ಕೂ ಅವನ ಮೇಲೇ ಸಿಟ್ಟಾಗುವ ಹಂತಕ್ಕೆ ಅವಳು ಬಂದಿದ್ದಳು.

ಐದನೇ ವಾರ ವೆಲ್ಫೇರ್ ಆಫೀಸಿನವರು ಅವನನ್ನು ಭೇಟಿಗೆ ಕರೆದರು. ಕೆಲಸ ಹುಡುಕುತ್ತಿರುವುದಕ್ಕೆ ಪುರಾವೆ ತೋರಿಸಬೇಕು. ಭೇಟಿಯ ದಿನವೇ ಇಂಚರಳಿಗೆ ಜ್ವರ ಬಂದು ಅವನು ಫೋನು ಮಾಡಿ ದಿನ ಬದಲಿಸಿಕೊಂಡ. ಹೊಸ ದಿನವನ್ನು ಕಾಗದದಲ್ಲಿ ತಿಳಿಸುತ್ತೇವೆ, ಇನ್ನೊಂದು ಸಲ ತಪ್ಪಿಸಬೇಡಿ, ತಪ್ಪಿಸಿದರೆ ಹಣ ಕಡಿತವಾಗುತ್ತದೆ ಎಂದು ಅವರು ಎಚ್ಚರಿಸಿದರು.

ಕಾಗದ ಸೋಮವಾರ ಬಂತು. ಸರ್ವಮಂಗಳಮ್ಮ ಕುಂಕುಮ ಹಚ್ಚಿ ಗಣಪತಿಯ ಪಾದದಲ್ಲಿಟ್ಟರು.

ಮಂಗಳವಾರ ಗೋದಾಮಿನಲ್ಲಿ ಟೀ ಕುಡಿಯುವಾಗ ಜ್ಯೋತ್ಸ್ನಾಳ ಫೋನಿಗೆ ಸಂದೇಶ ಬಂತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಭೇಟಿ ಇದೆ, ದಯವಿಟ್ಟು ತಪ್ಪಿಸಬೇಡಿ. ಅರ್ಜಿಯಲ್ಲಿ ತನ್ನ ನಂಬರ್ ಹಾಕಿದ್ದು ಅವಳಿಗೆ ಆಗ ನೆನಪಾಯಿತು. ಮನೆಗೆ ಹೋದ ಮೇಲೆ ಹೇಳೋಣ ಎಂದುಕೊಂಡಳು. ಆ ಹೊತ್ತಿಗೆ ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಅಂದು ಎರಡನೇ ಬಸ್ಸು ಬರಲೇ ಇಲ್ಲ. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತು, ಏಳೂ ಕಾಲಿಗೆ ಬಾಗಿಲು ತೆಗೆದರೆ ಒಳಗೆ ನಗು. ಅಜ್ಜಿ, ಮಗ, ಮೊಮ್ಮಗಳು ಮೂವರೂ ಒಲೆಯ ಮುಂದೆ ನಿಂತು ಯಾರ ದೋಸೆ ದುಂಡಗಿದೆ ಎಂದು ಪಂದ್ಯ ಕಟ್ಟಿದ್ದರು. ಮೂವರೂ ತಿಂದಾಗಿತ್ತು.

“ನಿಂಗೆ ಹಾಕ್ಕೊಡ್ಲಾ?” ಎಂದ ಶ್ರೀಹರ್ಷ.

“ಅಮ್ಮಾ, ಯುವರ್ ಶೂಸ್” ಎಂದಳು ಇಂಚರ. “ಅಪ್ಪ ಜಸ್ಟ್ ಮಾಪ್ಡ್.”

ಜ್ಯೋತ್ಸ್ನಾ ಶೂ ಬಿಚ್ಚಿದಳು. ಸಂದೇಶದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ಇಟ್ಟುಕೊಂಡು ದೋಸೆ ತಿಂದಳು.

ಬುಧವಾರ ಸಂಜೆ ಶ್ರೀಹರ್ಷ ಟವೆಲ್ಲು ತೆಗೆಯಲು ಹಾಟ್ ಪ್ರೆಸ್ ತೆರೆದವನು ಲಕೋಟೆ ನೋಡಿದ.

“ಅಮ್ಮಾ, ಇದು ಆ ಭೇಟಿಯ ಕಾಗದ ಇರ್ಬೇಕು. ಒಡೆದ್ಬಿಡ್ಲಾ?”

“ಎರಡು ದಿನ ತಾಳೋ. ಹೋದ್ಸಲ ಎಷ್ಟು ಒಳ್ಳೇದಾಯ್ತು. ಅವರೇನು ನಾಳೇನೇ ಬಾ ಅಂತಾರಾ?”

“ಹೋದ್ಸಲಾನೂ ಎರಡು ವಾರ ಟೈಮ್ ಕೊಟ್ಟಿದ್ರು” ಎಂದು ಅವನು ನಕ್ಕು ಬಾಗಿಲು ಮುಚ್ಚಿದ.

ಜ್ಯೋತ್ಸ್ನಾ ಪಕ್ಕದ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಎಲ್ಲವೂ ಕೇಳಿಸಿತು. ನಾಳೆಯೇ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವನಿಗೂ ಒಂದು ಸಲ ಬಸ್ಸು ತಪ್ಪಲಿ ಎಂದುಕೊಂಡಳು. ತಲೆ ಬಾಚಿ ಮುಗಿಸಿದಳು.

ಗುರುವಾರ ಹತ್ತು ಗಂಟೆಗೆ ಅವಳು ಫೋನನ್ನು ಕೈಗೆ ತೆಗೆದುಕೊಂಡಳು. ಮನೆಯಿಂದ ಆ ಆಫೀಸಿಗೆ ಕಾರಿನಲ್ಲಿ ಹತ್ತು ನಿಮಿಷ. ಹತ್ತೂಕಾಲಿಗೂ ಫೋನು ಕೈಯಲ್ಲೇ ಇತ್ತು. ಹತ್ತೂ ಇಪ್ಪತ್ತಕ್ಕೆ ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದಳು.

“ಮೈ ಸರಿ ಉಂಟಾ ನಿಂಗೆ?” ಎಂದಳು ಸೆಲಿನ್.

“ಗ್ರ್ಯಾಂಡ್” ಎಂದಳು ಜ್ಯೋತ್ಸ್ನಾ, ಚೆನ್ನಾಗಿದ್ದೇನೆ ಎನ್ನುವ ಐರಿಶರ ಹಾಗೆ.

ಶುಕ್ರವಾರ ಸಂಜೆ ಪೂಜೆಯಾಯಿತು. ಶ್ರೀಹರ್ಷ ಲಕೋಟೆ ಒಡೆದು ಓದಿ, ಇನ್ನೊಂದು ಸಲ ಓದಿ, ಮೆಟ್ಟಿಲ ಮೇಲೆ ಕೂತುಬಿಟ್ಟ.

“ಏನೋ?” ಎಂದರು ಸರ್ವಮಂಗಳಮ್ಮ.

“ನಿನ್ನೆ ಹೋಗ್ಬೇಕಿತ್ತು.”

ಆರತಿ ತಟ್ಟೆ ಅವರ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡುವುದೆಂದು ತೋಚದೆ ಟವೆಲ್ಲುಗಳ ಮೇಲೆ ಇಟ್ಟರು. “ನನ್ನಿಂದ ಆಯ್ತು. ನೀನು ಒಡೀತೀನಿ ಅಂದೆ. ನಾನೇ ಬೇಡ ಅಂದೆ.”

“ಇರ್ಲಿ ಬಿಡಮ್ಮ. ನಾನೂ ಚಿಕ್ಕ ಮಗು ಅಲ್ವಲ್ಲ.”

“ನನ್ನಿಂದಲೇ ಆಯ್ತು” ಎಂದು ಅವರು ಮತ್ತೆ ಅಂದರು. ಆ ರಾತ್ರಿ ಊಟಕ್ಕೆ ಬರಲಿಲ್ಲ. ಜ್ಯೋತ್ಸ್ನಾ ಮೂರು ಸಲ ಕರೆದಳು. ಮೂರನೇ ಸಲ ಅವಳ ದನಿ ಒಡೆದಿತ್ತು. ಸೊಸೆಗೆ ತನ್ನ ಮೇಲೆ ಎಷ್ಟು ಕರುಣೆ ಎಂದುಕೊಂಡು ಸರ್ವಮಂಗಳಮ್ಮ ಇನ್ನಷ್ಟು ಅತ್ತರು.

ಸೋಮವಾರ ಶ್ರೀಹರ್ಷ ವೆಲ್ಫೇರ್ ಆಫೀಸಿಗೆ ಹೊರಟರೆ ತಾಯಿಯೂ ಸ್ವೆಟರು ಹಾಕಿಕೊಂಡು ನಿಂತರು. ತಪ್ಪು ನನ್ನದು ಎಂದು ನಾನೇ ಹೇಳುತ್ತೇನೆ ಎಂದು ಹಟ. ಕೌಂಟರಿನ ಹೆಂಗಸು ಮೃದುವಾಗಿಯೇ ಮಾತಾಡಿದಳು. ಶ್ರೀಹರ್ಷ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸರ್ವಮಂಗಳಮ್ಮ ಎದೆಯ ಮೇಲೆ ಕೈಯಿಟ್ಟು, “ಮೈ ಮಿಸ್ಟೇಕ್ ಮೇಡಂ” ಎಂದರು. ಆ ಹೆಂಗಸು ಕಂಪ್ಯೂಟರ್ ನೋಡಿ, ಕಾಗದ ಇರಲಿ, ಮಂಗಳವಾರ ಮೊಬೈಲಿಗೂ ಸಂದೇಶ ಕಳಿಸಿದ್ದೇವಲ್ಲ ಎಂದು ನಂಬರ್ ಓದಿ ಹೇಳಿದಳು.

ಅದು ಜ್ಯೋತ್ಸ್ನಾಳ ನಂಬರ್. ಶ್ರೀಹರ್ಷ, ಹೌದು, ಅದು ನಮ್ಮದೇ ನಂಬರ್, ನಾನು ಗಮನಿಸಲಿಲ್ಲ ಎಂದ. ಹಾಗಾದರೆ ಮುಂದಿನ ಭೇಟಿಯವರೆಗೆ, ಮೂರು ವಾರ, ಹಣದಲ್ಲಿ ಕಡಿತ ಎಂದಳು ಅವಳು. ಪೂರ್ತಿ ಹಣ ಬಾರದೆ ಬಾಡಿಗೆ ತುಂಬುವುದು ಕಷ್ಟ ಎಂದು ಅವನಿಗೆ ಗೊತ್ತಿತ್ತು.

ಅಂದು ಸಂಜೆ ಊಟದ ಮೇಜಿಗೆ ಸರ್ವಮಂಗಳಮ್ಮ ಬಂದರು. ಆದರೆ ತಟ್ಟೆ ಹಾಕಿಸಿಕೊಳ್ಳಲಿಲ್ಲ.

“ಮೈಸೂರಿಗೆ ಫೋನ್ ಮಾಡಿದ್ದೆ. ಮುಂದಿನ ವಾರಕ್ಕೇ ಟಿಕೆಟ್ ಬದಲಾಯಿಸು ಅಂತ ಮಗಳಿಗೆ ಹೇಳಿದ್ದೀನಿ” ಎಂದರು. “ಬಂದ ಹನ್ನೊಂದು ದಿನಕ್ಕೆ ಇವನ ಕೆಲಸ ಹೋಯ್ತು. ಈಗ ನನ್ನ ಕೈಯಾರೆ ಆ ಹಣಾನೂ ಕಳೆದೆ. ನನ್ನ ಕಾಲ್ಗುಣ ಸರಿಯಿಲ್ಲ.”

“ಅಮ್ಮ, ಊಟ ಮಾಡು” ಎಂದ ಶ್ರೀಹರ್ಷ. ಜ್ಯೋತ್ಸ್ನಾಳ ಕಡೆ ಅವನು ನೋಡಲಿಲ್ಲ. ಅವಳು ಗೋದಾಮಿನಿಂದ ಬಂದಾಗಿನಿಂದಲೂ ನೋಡಿರಲಿಲ್ಲ. ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ತಿಳಿಯಿತು. ಅವನು ಹೇಳುವುದಿಲ್ಲ ಎಂದೂ ತಿಳಿಯಿತು. ಸುಮ್ಮನಿದ್ದರೆ ಅತ್ತೆ ಈ ಭಾರ ಹೊತ್ತುಕೊಂಡೇ ವಿಮಾನ ಹತ್ತುತ್ತಾರೆ, ತನಗೇನೂ ಆಗುವುದಿಲ್ಲ.

“ಅತ್ತೆ, ಟಿಕೆಟ್ ಬದಲಾಯಿಸ್ಬೇಡಿ” ಎಂದಳು. “ಮಂಗಳವಾರವೇ ನನ್ನ ಫೋನಿಗೆ ಮೆಸೇಜ್ ಬಂದಿತ್ತು. ಗುರುವಾರ ಹತ್ತೂವರೆ ಅಂತ. ನಾನು ಹೇಳ್ಲಿಲ್ಲ.”

“ಮರೆತ್ಯಾ?”

“ಮರೀಲಿಲ್ಲ. ನೀವಿಬ್ಬರೂ ಹಾಟ್ ಪ್ರೆಸ್ ಮುಂದೆ ಮಾತಾಡ್ತಿದ್ದಾಗ್ಲೂ ಕೇಳಿಸ್ಕೊಂಡೆ. ಬೇಕಂತಲೇ ಸುಮ್ಮನಿದ್ದೆ.”

“ಯಾಕೆ?” ಎಂದು ಕೇಳಿದವನು ಶ್ರೀಹರ್ಷ. ಈಗ ಅವಳನ್ನು ನೋಡುತ್ತಿದ್ದ.

“ಹೊಟ್ಟೆಕಿಚ್ಚು. ಕೆಲಸ ಹೋಗಿದ್ದು ನಿಂಗೆ, ಮನೆ ಸಿಕ್ಕಿದ್ದೂ ನಿಂಗೆ. ಮಗಳೂ ನಿನ್ನವಳೇ ಆದ್ಲು. ನಾನು ಬಸ್ಸಲ್ಲೇ ಇದ್ದೀನಿ.” ಅತ್ತೆಯ ಎದುರು ನೀವು ಎನ್ನುವುದು ಅವಳಿಗೆ ಮರೆತುಹೋಗಿತ್ತು.

ಇಂಚರ ಅಪ್ಪನ ಮುಖ, ಅಮ್ಮನ ಮುಖ ನೋಡಿ ತಟ್ಟೆ ಎತ್ತಿಕೊಂಡು ಮೆಲ್ಲಗೆ ಟಿವಿ ಮುಂದೆ ಹೋದಳು.

ಅತ್ತೆಯಿಂದ ಬೈಗುಳ ಬರುತ್ತದೆಂದು ಜ್ಯೋತ್ಸ್ನಾ ಕಾದಳು.

“ನಿಮ್ಮಾವ ರಿಟೈರ್ ಆದ ವರ್ಷ” ಎಂದು ಅವರು ಶುರು ಮಾಡಿದರು. “ಬೆಳಿಗ್ಗೆ ಪೇಪರು, ಹತ್ತಕ್ಕೆ ಕಾಫಿ, ಹನ್ನೊಂದಕ್ಕೆ ಇನ್ನೊಂದು ಕಾಫಿ. ಸಂಜೆ ಪಾರ್ಕು, ಸ್ನೇಹಿತರು. ಒಂದನೇ ತಾರೀಕು ಪೆನ್ಷನ್. ನಂಗೆ ಅದೇ ಒಲೆ, ಅದೇ ಪಾತ್ರೆ. ನನ್ನ ರಿಟೈರ್‌ಮೆಂಟ್ ಯಾವಾಗ್ರೀ ಅಂತ ಒಂದಿನ ಕೇಳಿದ್ದಕ್ಕೆ ನಕ್ಕುಬಿಟ್ರು. ನವೆಂಬರಲ್ಲಿ ಬದುಕಿದ್ದೀನಿ ಅಂತ ಬ್ಯಾಂಕಿಗೆ ಒಂದು ಕಾಗದ ಕೊಡ್ಬೇಕಲ್ಲ, ಅದನ್ನ ಮಗಳು ತುಂಬಿಸಿ, ಅಪ್ಪನಿಗೆ ಕೊಡು ಅಂತ ನನ್ನ ಕೈಗೆ ಕೊಟ್ಟಿದ್ಲು.”

“ಕೊಡ್ಲಿಲ್ವಾ?” ಎಂದ ಶ್ರೀಹರ್ಷ.

“ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಮೂರು ತಿಂಗಳು ಪೆನ್ಷನ್ ನಿಂತೋಯ್ತು. ಕೇಳಕ್ಕೆ ಹೋದ್ರೆ, ನೀವು ಬದುಕಿರೋದಕ್ಕೆ ದಾಖಲೆ ಇಲ್ಲ ಅಂದ್ರಂತೆ.”

“ಅಪ್ಪನಿಗೆ ಗೊತ್ತಾ?”

“ಗೊತ್ತಿಲ್ಲ. ಈಗ್ಲೂ ಬ್ಯಾಂಕಿನೋರನ್ನೇ ಬೈತಾರೆ. ನೀನೂ ಹೇಳ್ಬೇಡ.”

ಜ್ಯೋತ್ಸ್ನಾ ಕಣ್ಣೊರೆಸಿಕೊಂಡಳು. “ಆಮೇಲೆ ನಿಮ್ಮ ಹೊಟ್ಟೆಕಿಚ್ಚು ಹೋಯ್ತಾ ಅತ್ತೆ?”

“ಎಲ್ಲಿ ಹೋಗುತ್ತೆ? ಪೆನ್ಷನ್ ಇಲ್ದೇನೂ ಅವರು ಅದೇ ಕುರ್ಚೀಲಿ ಕೂತ್ರು. ನಾನು ಅದೇ ಅಡಿಗೆ ಮಾಡ್ದೆ. ಸಾರಲ್ಲಿ ಬೇಳೆ ಕಡಿಮೆ ಆಯ್ತು, ಅಷ್ಟೇ” ಎಂದು ಸರ್ವಮಂಗಳಮ್ಮ ತಟ್ಟೆ ಮುಂದಕ್ಕೆ ತಳ್ಳಿದರು. “ಬಡಿಸು.”

ಬಡಿಸಿದವನು ಶ್ರೀಹರ್ಷ. ಹೆಂಡತಿಯ ತಟ್ಟೆಗೂ ಹಾಕಿದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಅರ್ಜಿಯಲ್ಲಿದ್ದ ನಂಬರನ್ನು ಅಳಿಸಿ ತನ್ನದನ್ನು ಹಾಕಿದ. ಅವಳು ಎದುರಿಗೆ ಕೂತು ನೋಡಿದಳು. ಕಾರಿನ ಕೀಲಿಯನ್ನು ಅವಳ ಬ್ಯಾಗಿನ ಪಕ್ಕದಲ್ಲಿಟ್ಟ.

ಮಾರನೆಯ ದಿನ ಜ್ಯೋತ್ಸ್ನಾ ಕಾರಿನಲ್ಲಿ ಹೋಗಿ ಐದೂ ಮುಕ್ಕಾಲಿಗೆ ಮನೆಗೆ ಬಂದಳು. ಶ್ರೀಹರ್ಷ ಮಾಡಿದ್ದ ಸಾರು ನೀರಾಗಿತ್ತು, ಬೇಳೆಯನ್ನು ಹುಡುಕಬೇಕಾಗಿತ್ತು. ಅವಳು ಎರಡು ಸಲ ಹಾಕಿಸಿಕೊಂಡು ಉಂಡಳು.